ಪೈಪು, ಡ್ರಮ್ಮು, ಮೊಬೈಲು: ಮನೆಯಲ್ಲೇ ಶಬ್ದದ ವೇಗ ಅಳೆಯುವ ಸಮಗ್ರ ಮಾರ್ಗದರ್ಶಿ

ಪಿವಿಸಿ ಪೈಪನ್ನು ನೀರಿನಲ್ಲಿ ಅದ್ದಿ, ಅದರ ಬಾಯಿಯ ಬಳಿ ಮೊಬೈಲಿನಿಂದ ಒಂದೇ ಸ್ವರ ನುಡಿಸುತ್ತ ಪೈಪನ್ನು ಮೆಲ್ಲಗೆ ಮೇಲೆತ್ತಿದರೆ ಕೆಲವು ಎತ್ತರಗಳಲ್ಲಿ ಮಾತ್ರ ದನಿ ಗುಂಯ್ ಎಂದು ತುಂಬಿಕೊಳ್ಳುತ್ತದೆ. ಆ ಎತ್ತರಗಳ ನಡುವಿನ ಅಂತರ ಅಳೆದರೆ ಗಾಳಿಯಲ್ಲಿ ಶಬ್ದ ಎಷ್ಟು ವೇಗವಾಗಿ ಓಡುತ್ತದೆ ಎಂಬುದು ಸಿಗುತ್ತದೆ. ಹೇಳುವುದಕ್ಕೆ ಇಷ್ಟೇ. ಆದರೆ ಮಾಡಿ ನೋಡಿ ಲೆಕ್ಕ ಕಳಿಸಿದವರಲ್ಲಿ ಕೆಲವರಿಗೆ ಸೆಕೆಂಡಿಗೆ 326 ಮೀಟರ್ ಬಂದಿದೆ, ಕೆಲವರಿಗೆ 690, ಕೆಲವರಿಗೆ 163. ಪುಸ್ತಕದಲ್ಲಿರುವ 343 ಚುಕ್ಕಿ ತಪ್ಪದೆ ಬಂದವರೂ ಇದ್ದಾರೆ. ನನಗೆ ಹೆಚ್ಚು ಅನುಮಾನ ಈ ಕೊನೆಯವರ ಮೇಲೆ.

ಇವೆಲ್ಲ ಬೇರೆ ಬೇರೆ ತಪ್ಪುಗಳಂತೆ ಕಂಡರೂ ಬಹುಪಾಲು ಒಂದೇ ಬುಡದವು: ಒಂದೇ ಒಂದು ಉದ್ದ ಅಳೆದು, ಸೂತ್ರಕ್ಕೆ ತುಂಬಿ, ಮುಗಿಸಿಬಿಡುವುದು. ಈ ಪ್ರಯೋಗದಲ್ಲಿ ಒಂಟಿ ಉದ್ದವನ್ನು ನಂಬುವಂತಿಲ್ಲ. ಎರಡು ಉದ್ದಗಳ ವ್ಯತ್ಯಾಸವನ್ನು ಮಾತ್ರ ನಂಬಬೇಕು. ಏಕೆ ಎಂಬುದು ಏಳನೆಯ ಹಂತದಲ್ಲಿ ಅಂಕಿಗಳ ಸಮೇತ ಬರುತ್ತದೆ. ಹಂತಗಳ ಕ್ರಮವನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ; ಥರ್ಮಾಮೀಟರನ್ನು ಕೊನೆಯಲ್ಲಿ ಹುಡುಕಲು ಹೊರಟವರು ಎಲ್ಲವನ್ನೂ ಮತ್ತೆ ಮಾಡಬೇಕಾಗಿದೆ.

ಶುರುವಿಗೆ ಮುನ್ನ: ಪೈಪಿನೊಳಗೆ ನಡೆಯುವುದೇನು

ಮೊದಲಿಗೆ ಒಂದು ತಪ್ಪು ಕಲ್ಪನೆ ಬಿಡಬೇಕು. ಸ್ಪೀಕರಿನಿಂದ ಗಾಳಿ ಹೊರಟು ಕಿವಿಗೆ ಬಂದು ಬಡಿಯುವುದಿಲ್ಲ. ಹಚ್ಚಿದ ಊದುಬತ್ತಿಯನ್ನು ಮೊಬೈಲಿನ ಸ್ಪೀಕರಿನ ಮುಂದೆ ಹಿಡಿದು ಸ್ವರ ನುಡಿಸಿ ನೋಡಿ: ಫ್ಯಾನಿನ ಮುಂದೆ ಹಾರುವಂತೆ ಹೊಗೆ ಹಾರುವುದಿಲ್ಲ. ಗಾಳಿಯ ಕಣಗಳು ಇದ್ದಲ್ಲೇ ಹಿಂದೆ ಮುಂದೆ ಅಲುಗುತ್ತವೆ. ಮುಂದಕ್ಕೆ ಓಡುವುದು ಅವುಗಳ ನಡುವಿನ ಒತ್ತಡ, ಬಸ್ಸಿನ ಹಿಂಬಾಗಿಲಿನಲ್ಲಿ ಒಬ್ಬರು ತಳ್ಳಿದ್ದು ಸಾಲಾಗಿ ಡ್ರೈವರಿನವರೆಗೂ ತಲುಪುವ ಹಾಗೆ. ನಿಂತವರು ನಿಂತಲ್ಲೇ ಇರುತ್ತಾರೆ, ತಳ್ಳು ಮಾತ್ರ ಪ್ರಯಾಣ ಮಾಡುತ್ತದೆ.

ಈಗ ಪೈಪಿಗೆ ಬನ್ನಿ. ಸ್ಪೀಕರಿನ ಪೊರೆ ಹೊರಕ್ಕೆ ಬಂದಾಗ ಅದರ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ. ಆ ಒತ್ತು ಪೈಪಿನಲ್ಲಿ ಕೆಳಗಿಳಿದು, ನೀರಿಗೆ ತಾಗಿ, ಒತ್ತಾಗಿಯೇ ಹಿಂದಿರುಗುತ್ತದೆ. ತೆರೆದ ಬಾಯಿಗೆ ಬಂದೊಡನೆ ಅದನ್ನು ತಡೆಯುವವರು ಯಾರೂ ಇಲ್ಲ. ಹೊರಗೆ ಚೆಲ್ಲಿಹೋಗುತ್ತದೆ, ಚೆಲ್ಲುವ ಭರದಲ್ಲಿ ಬಾಯಿಯ ಬಳಿ ಗಾಳಿ ಸಡಿಲವಾಗುತ್ತದೆ. ಈಗ ಆ ಸಡಿಲು ಕೆಳಗಿಳಿಯಲು ಹೊರಡುತ್ತದೆ. ಸರಿಯಾಗಿ ಅದೇ ಕ್ಷಣದಲ್ಲಿ ಸ್ಪೀಕರಿನ ಪೊರೆಯೂ ಒಳಕ್ಕೆ ಹೋಗುತ್ತಿದ್ದರೆ ಎರಡೂ ಕೂಡಿಕೊಂಡು ಬಲಿಯುತ್ತವೆ. ಜೋಕಾಲಿ ಹಿಂದೆ ಬಂದು ತಿರುಗುವ ಹೊತ್ತಿಗೆ ಸರಿಯಾಗಿ ತಳ್ಳಿದಂತೆ. ಪಠ್ಯಪುಸ್ತಕದ ಮಾತಿನಲ್ಲಿ ಇದೇ ಅನುನಾದ.

ಪೊರೆ ಹೊರಕ್ಕೆ ಬಂದು ಒಳಕ್ಕೆ ತಿರುಗಲು ಅರ್ಧ ಕಂಪನದ ಹೊತ್ತು ಬೇಕು. ಒಂದು ಇಡೀ ಕಂಪನದ ಹೊತ್ತಿನಲ್ಲಿ ಶಬ್ದ ಓಡುವ ದೂರವೇ ತರಂಗದೂರ, ಹಾಗಾಗಿ ಅಷ್ಟರಲ್ಲಿ ಶಬ್ದ ಅರ್ಧ ತರಂಗದೂರ ಓಡಿರುತ್ತದೆ. ಆ ಓಟ ಪೈಪಿನಲ್ಲಿ ಇಳಿದು ಹತ್ತಿದ್ದು, ಅಂದರೆ ಬಾಯಿಯಿಂದ ನೀರಿನವರೆಗಿನ ಗಾಳಿಯ ಕಂಬದ ಎರಡರಷ್ಟು. ಹಾಗಾಗಿ ಮೊದಲ ಬಾರಿ ದನಿ ತುಂಬುವಾಗ ಕಂಬದ ಉದ್ದ ತರಂಗದೂರದ ಕಾಲು ಭಾಗ. ಇಳಿದು ಹತ್ತಲು ಒಂದೂವರೆ ಕಂಪನದ ಹೊತ್ತು ಹಿಡಿದರೂ ಲೆಕ್ಕ ಸರಿಹೋಗುತ್ತದೆ. ಆಗ ಉದ್ದ ಮುಕ್ಕಾಲು. ಎರಡೂವರೆ ಆದರೆ ಒಂದೂಕಾಲು. ಕಾಲು, ಮುಕ್ಕಾಲು, ಒಂದೂಕಾಲು: ಪ್ರತಿ ಎರಡರ ನಡುವೆ ಅರ್ಧ ತರಂಗದೂರ. ಇಷ್ಟು ನೆನಪಿದ್ದರೆ ಸೂತ್ರ ಬಾಯಿಪಾಠ ಬೇಡ.

ಬೇಕಾಗುವ ಸಾಮಾನು

ಒಂದಿಂಚಿನ ಪಿವಿಸಿ ಪೈಪು ಒಂದು ಮೀಟರ್ ಸಾಕು. ಬೀದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ತುಂಡು ಕೊಡುತ್ತಾರೆ, ಮನೆಯಲ್ಲಿ ಪ್ಲಂಬರ್ ಬಿಟ್ಟುಹೋದದ್ದು ಇದ್ದರೆ ಅದೂ ಆದೀತು. ಉದ್ದಕ್ಕೆ ಸೀಳು ಬಿಟ್ಟ ಪೈಪು ಬೇಡ.

ನೀರಿಗೆ ಆಳವಾದ ಪಾತ್ರೆ ಬೇಕು. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಮನೆಗಳಲ್ಲಿ ನಿಂತಿರುತ್ತದಲ್ಲ, ನೀಲಿ ಪ್ಲಾಸ್ಟಿಕ್ ಡ್ರಮ್ಮು, ಅದಕ್ಕಿಂತ ಒಳ್ಳೆಯ ಉಪಕರಣ ಕಾಲೇಜಿನ ಪ್ರಯೋಗಾಲಯದಲ್ಲೂ ಸಿಗದು. ಬರಿಯ ಬಕೆಟ್ಟಿನಲ್ಲೂ ಮಾಡಬಹುದು, ಆದರೆ ಪೈಪಿನ ಉದ್ದ ಮತ್ತು ಸ್ವರ ಎರಡನ್ನೂ ಬದಲಿಸಬೇಕಾಗುತ್ತದೆ. ಅದನ್ನು ಎರಡನೆಯ ಹಂತದಲ್ಲಿ ಹೇಳಿದ್ದೇನೆ. ಸಂಪಿನ ಮುಚ್ಚಳ ತೆಗೆದು ಅದರಲ್ಲಿ ಪೈಪು ಇಳಿಸುವ ಯೋಚನೆ ಬಂದಿದ್ದರೆ ಅಲ್ಲಿಗೇ ಬಿಡಿ. ಮಕ್ಕಳು ಮಾಡುತ್ತಿದ್ದರೆ ಡ್ರಮ್ಮಿನ ಬಳಿಯೂ ದೊಡ್ಡವರೊಬ್ಬರು ಇರಲೇಬೇಕು.

ಇವುಗಳ ಜೊತೆಗೆ ಸ್ವರ ನುಡಿಸುವ ಆ್ಯಪ್ ಇರುವ ಮೊಬೈಲು (ಫೈಫಾಕ್ಸ್ ಎಂಬ ಉಚಿತ ಆ್ಯಪ್‌ನಲ್ಲಿ ಈ ಸೌಲಭ್ಯ ಇದೆ), ಉಕ್ಕಿನ ಅಳತೆ ಟೇಪು, ಅಳಿಸಿಹೋಗದ ಮಾರ್ಕರ್ ಪೆನ್ನು, ಗೋಡೆಗೆ ನೇತುಹಾಕುವಂಥ ಕೋಣೆಯ ಥರ್ಮಾಮೀಟರು, ಮತ್ತು ಬೇಸರಪಡದ ಒಬ್ಬ ಸಹಾಯಕರು. ಐದನೆಯದೇ ಎಲ್ಲಕ್ಕಿಂತ ಕಷ್ಟದ ಸಾಮಾನು.

ಚಪ್ಪಾಳೆ ತಟ್ಟಿ ಪ್ರತಿಧ್ವನಿ ಕೇಳಿ ಸ್ಟಾಪ್‌ವಾಚಿನಿಂದ ಅಳೆಯಬಾರದೇ ಎಂದು ಕೇಳುವವರಿದ್ದಾರೆ. 50 ಮೀಟರ್ ದೂರದ ಅಪಾರ್ಟ್‌ಮೆಂಟಿನ ಗೋಡೆಯಿಂದ ಶಬ್ದ ಹಿಂದಿರುಗಲು ಸುಮಾರು 0.29 ಸೆಕೆಂಡು. ಕೇಳಿದ್ದಕ್ಕೆ ಬೆರಳು ಒತ್ತಲು ನಮಗೆ ಬೇಕಾಗುವುದೇ ಹೆಚ್ಚುಕಡಿಮೆ 0.2 ಸೆಕೆಂಡು. ಆ ದಾರಿ ಬೇಡ.

ಹಂತ 1: ಹೊತ್ತು ಮತ್ತು ಜಾಗ ಗೊತ್ತುಮಾಡಿ

ದನಿ ಯಾವಾಗ ಅತಿ ಜೋರಾಯಿತು ಎಂದು ಕಿವಿ ತೀರ್ಮಾನಿಸಬೇಕಾದ ಕೆಲಸ ಇದು. ಕಸದ ಆಟೊ ಹಾಡುತ್ತ ಬರುವ ಹೊತ್ತು, ಮನೆಮನೆಯ ಕುಕ್ಕರ್ ಸೀಟಿ ಹಾಕುವ ಹೊತ್ತು, ಎದುರಿಗೆ ಬೋರ್‌ವೆಲ್ ಕೊರೆಯುವ ದಿನ, ಯಾವುದೂ ಆಗದು. ಬೆಂಗಳೂರಿನಲ್ಲಿ ಬೆಳಗಿನ ಆರಕ್ಕೆ ಮುಂಚೆ ಅಥವಾ ರಾತ್ರಿ ಹತ್ತರ ನಂತರ ಒಂದರ್ಧ ಗಂಟೆ ಸಿಕ್ಕೀತು. ಫ್ಯಾನು ಆರಿಸಿ.

ಬಚ್ಚಲುಮನೆ ಬೇಡ, ನೀರು ಅಲ್ಲೇ ಇದ್ದರೂ ಬೇಡ. ಟೈಲ್ಸ್ ಹಾಕಿದ ಗೋಡೆಗಳ ನಡುವೆ ಶಬ್ದ ಅತ್ತಿತ್ತ ಪುಟಿದು, ಕೋಣೆಯೇ ಒಂದು ದೊಡ್ಡ ಪೈಪಿನಂತೆ ವರ್ತಿಸುತ್ತದೆ. ಅಲ್ಲಿ ತಲೆಯನ್ನು ಒಂದು ಗೇಣು ಸರಿಸಿದರೂ ಸ್ವರ ಏರಿಳಿಯುತ್ತದೆ. ಪೈಪಿನಿಂದಾದ ಬದಲಾವಣೆ ಯಾವುದು, ಕೋಣೆಯಿಂದಾದದ್ದು ಯಾವುದು ಎಂದು ತಿಳಿಯದೆ ಹೋಗುತ್ತದೆ. ಒಂದು ಬದಿ ತೆರೆದಿರುವ ಪಾತ್ರೆ ತೊಳೆಯುವ ಜಾಗ, ಮೆಟ್ಟಿಲ ಕೆಳಗಿನ ಮೂಲೆ, ಇಲ್ಲವೇ ಪರದೆ ಹಾಸಿಗೆಗಳಿರುವ ಕೋಣೆ ಉತ್ತಮ. ತಾರಸಿಯಲ್ಲಿ ಗಾಳಿಯ ಕಾಟ.

ಹಂತ 2: ಪೈಪನ್ನು ಅಳತೆಗೆ ಕತ್ತರಿಸಿ

ಅರ್ಧಕ್ಕರ್ಧ ಜನ ಇಲ್ಲಿಯೇ ಸೋಲುತ್ತಾರೆ, ಸೋತದ್ದು ಅವರಿಗೆ ಆರನೆಯ ಹಂತದವರೆಗೂ ತಿಳಿಯುವುದಿಲ್ಲ. ಒಂದು ಮೀಟರಿನ ಪೈಪನ್ನು ಬಕೆಟ್ಟಿನಲ್ಲಿ ನಿಲ್ಲಿಸಿದರೆ ನೀರು ಬರುವುದು ಒಂದು ಗೇಣು ಮಾತ್ರ. ಗಾಳಿಯ ಕಂಬ ಎಪ್ಪತ್ತು ಸೆಂಟಿಮೀಟರಿಗಿಂತ ಕಡಿಮೆಯಾಗುವುದೇ ಇಲ್ಲ. ನಾವು ನುಡಿಸಲಿರುವ 600 ಹರ್ಟ್ಸ್ (ಸೆಕೆಂಡಿಗೆ 600 ಕಂಪನ) ಸ್ವರಕ್ಕೆ ಮೊದಲ ಅನುನಾದ ಹದಿಮೂರು ಹದಿನಾಲ್ಕು ಸೆಂಟಿಮೀಟರಿನಲ್ಲಿ ಕುಳಿತಿರುತ್ತದೆ, ನೀವು ಅಲ್ಲಿಗೆ ಹೋಗುವುದೇ ಇಲ್ಲ.

ನಿಯಮ ಹೀಗಿದೆ: ಪೈಪು ಪಾತ್ರೆಯ ತಳ ಮುಟ್ಟಿದಾಗ ನೀರಿನ ಮೇಲೆ ನಾಲ್ಕು ಬೆರಳಿಗಿಂತ ಹೆಚ್ಚು ಕಾಣಬಾರದು. ಡ್ರಮ್ಮಿನಲ್ಲಿ ನೀರು 75 ಸೆಂ.ಮೀ. ಇದ್ದರೆ ಪೈಪು ಸುಮಾರು 83 ಸೆಂ.ಮೀ. ಇರಲಿ. ಆಗ ಗಾಳಿಯ ಕಂಬವನ್ನು 8ರಿಂದ 80ರವರೆಗೆ ಬೇಕಾದಂತೆ ಬದಲಿಸಬಹುದು. ಬಕೆಟ್ ಮಾತ್ರ ಇರುವವರು ನೀರನ್ನು 27 ಸೆಂ.ಮೀ. ತುಂಬಿಸಿ, 30 ಸೆಂ.ಮೀ. ಪೈಪು ತೆಗೆದುಕೊಂಡು, ಸ್ವರವನ್ನು 1000 ಹರ್ಟ್ಸ್‌ಗೆ ಇಡಿ. ನಿಮಗೆ ಎರಡು ಅನುನಾದಗಳು ಸಿಗುತ್ತವೆ, ಸುಮಾರು 8 ಮತ್ತು 25 ಸೆಂಟಿಮೀಟರಿನ ಆಸುಪಾಸಿನಲ್ಲಿ. ಡ್ರಮ್ಮಿನವರಿಗೆ ಮೂರು.

ಮೇಲಿನ ಬಾಯಿಯನ್ನು ನೇರವಾಗಿ ಕತ್ತರಿಸಿ, ಸಿಪ್ಪೆಯಂತೆ ನಿಂತ ಅಂಚನ್ನು ಮರಳು ಕಾಗದದಿಂದ ಉಜ್ಜಿ. ಕೆಳಗಿನ ಬಾಯಿಯನ್ನು ಓರೆಯಾಗಿ ಕತ್ತರಿಸಿ, ಇಲ್ಲವೇ ಅಂಚಿನಲ್ಲಿ ಒಂದು ಕಚ್ಚು ಹಾಕಿ. ಎರಡೂ ಬಾಯಿ ನೇರವಾಗಿದ್ದರೆ ಪೈಪು ತಳಕ್ಕೆ ಒತ್ತಿಕೊಂಡು ನೀರು ಸರಾಗವಾಗಿ ಒಳಹೊರಗೆ ಹರಿಯದೆ, ಒಳಗಿನ ಮಟ್ಟ ಒಂದು, ಹೊರಗಿನದು ಇನ್ನೊಂದು ಆಗುತ್ತದೆ. ನಾವು ಓದುವುದು ಹೊರಗಿನ ಮಟ್ಟವನ್ನು. ಶಬ್ದ ತಾಗುವುದು ಒಳಗಿನದಕ್ಕೆ. ಕುಡಿಯುವ ನೀರಿನ ಡ್ರಮ್ಮಾಗಿದ್ದರೆ ಪೈಪನ್ನು ಸೋಪು ಹಾಕಿ ತೊಳೆದೇ ಇಳಿಸಿ, ಮನೆಯವರ ಬಾಯಿಗೆ ಬೀಳಬೇಡಿ.

ಹಂತ 3: ಗುರುತು ಹಾಕಿ, ಒಳವ್ಯಾಸ ಬರೆದಿಡಿ

ಮೇಲಿನ ಬಾಯಿಯೇ ಸೊನ್ನೆ. ಅಲ್ಲಿಂದ ಕೆಳಕ್ಕೆ ಪ್ರತಿ ಸೆಂಟಿಮೀಟರಿಗೆ ಒಂದು ಗೆರೆ, ಐದಕ್ಕೊಂದು ಉದ್ದ ಗೆರೆ. ಕೆಲವು ಸ್ಕೇಲುಗಳಲ್ಲಿ ಅಂಚಿಗೂ ಸೊನ್ನೆಗೂ ನಡುವೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ, ಅದನ್ನು ಲೆಕ್ಕಿಸದೆ ಗೆರೆ ಹಾಕಿದವರಿದ್ದಾರೆ. ದರ್ಜಿಯ ಬಟ್ಟೆ ಟೇಪು ಎಳೆದಷ್ಟೂ ಹಿಗ್ಗುತ್ತದೆ, ಅದು ಬೇಡ. ನೀರಿನ ಮಟ್ಟಕ್ಕೆ ರಬ್ಬರ್ ಬ್ಯಾಂಡು ಸರಿಸುವ ಉಪಾಯವೂ ಚೆನ್ನಾಗಿಲ್ಲ. ಒದ್ದೆ ಪೈಪಿನ ಮೇಲೆ ಅದು ಜಾರುತ್ತದೆ.

ಪೈಪಿನ ಒಳವ್ಯಾಸವನ್ನು ಈಗಲೇ ಅಳೆದು ಬರೆದಿಡಿ. ಒಂದಿಂಚು ಎಂದು ಕೊಂಡದ್ದರ ಒಳವ್ಯಾಸ ನಿಖರವಾಗಿ ಒಂದಿಂಚು ಇರುವುದಿಲ್ಲ.

ಹಂತ 4: ಉಷ್ಣಾಂಶ ಅಳೆಯಿರಿ

ಗಾಳಿಯಲ್ಲಿ ಶಬ್ದದ ವೇಗ ಮುಖ್ಯವಾಗಿ ಉಷ್ಣಾಂಶವನ್ನು ಅವಲಂಬಿಸಿದೆ. ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331.3 ಮೀಟರ್, ಅಲ್ಲಿಂದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.6 ಮೀಟರ್ ಏರುತ್ತದೆ. ಪುಸ್ತಕದ 343 ಎಂಬುದು 20 ಡಿಗ್ರಿಯ ಸಂಖ್ಯೆ. ನಮ್ಮೂರಿನ ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದರೆ ವೇಗ 351.7, ಜನವರಿಯ ಮುಂಜಾವು 16 ಇದ್ದರೆ 340.9. ಹತ್ತು ಮೀಟರಿಗೂ ಮೀರಿದ ವ್ಯತ್ಯಾಸ. ಇದಕ್ಕೇ ಆ ಚುಕ್ಕಿ ತಪ್ಪದ 343ರ ಮೇಲೆ ನನಗೆ ಗುಮಾನಿ. ಬೇಸಿಗೆಯ ಹಗಲಿನಲ್ಲಿ 343 ಬಂತೆಂದರೆ ಒಂದೋ ಅಳತೆ ತಪ್ಪಿದೆ, ಇಲ್ಲವೇ ಉತ್ತರ ಮೊದಲು ಬಂದು ಅಳತೆ ಆಮೇಲೆ ಬಂದಿದೆ.

ಜ್ವರ ನೋಡುವ ಥರ್ಮಾಮೀಟರ್ ಇಲ್ಲಿ ಕೆಲಸಕ್ಕೆ ಬಾರದು, ಅದರ ಅಳತೆ ಶುರುವಾಗುವುದೇ ದೇಹದ ಬಿಸಿಯ ಹತ್ತಿರದಿಂದ. ಮೊಬೈಲಿನ ಹವಾಮಾನ ಪುಟ ತೋರಿಸುವುದು ಊರಿನ ಉಷ್ಣಾಂಶವನ್ನು, ನಿಮ್ಮ ಪೈಪಿನೊಳಗಿನದನ್ನಲ್ಲ. ಥರ್ಮಾಮೀಟರನ್ನು ನೀರಿನ ಮೇಲ್ಮೈಗೆ ಹತ್ತಿರದಲ್ಲಿ ನೇತುಹಾಕಿ ಐದು ನಿಮಿಷ ಬಿಟ್ಟು ಓದಿ. ತಾರಸಿಯ ತೊಟ್ಟಿಯಿಂದ ಮಧ್ಯಾಹ್ನ ಹಿಡಿದ ನೀರು ಬೆಚ್ಚಗಿರುತ್ತದೆ, ಪೈಪಿನೊಳಗಿನ ಗಾಳಿಯನ್ನೂ ಬೆಚ್ಚಗಾಗಿಸುತ್ತದೆ. ರಾತ್ರಿಯಿಡೀ ನಿಂತ ನೀರು ಮೇಲು.

ಇನ್ನೊಂದು ಪ್ರಶ್ನೆ ಪದೇ ಪದೇ ಬರುತ್ತದೆ: ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದು ಭಾಗದಷ್ಟು ಕಡಿಮೆ, ಹಾಗಾದರೆ ಶಬ್ದವೂ ನಿಧಾನವೇ? ಅಲ್ಲ. ವೇಗ ನಿಂತಿರುವುದು ಒತ್ತಡಕ್ಕೂ ಸಾಂದ್ರತೆಗೂ ಇರುವ ಅನುಪಾತದ ಮೇಲೆ. ಎತ್ತರಕ್ಕೆ ಹೋದಾಗ ಎರಡೂ ಜೊತೆಯಲ್ಲೇ ಇಳಿಯುತ್ತವೆ, ಉಷ್ಣಾಂಶ ಒಂದೇ ಇದ್ದರೆ ಅನುಪಾತ ಹಾಗೆಯೇ ಉಳಿಯುತ್ತದೆ. ಇದೇ ಒತ್ತಡದ ಇಳಿಕೆಯಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಅದು ನಿಜ. ಶಬ್ದಕ್ಕೆ ಮಾತ್ರ ಎತ್ತರದ ತಿದ್ದುಪಡಿ ಹಾಕಬೇಡಿ.

ಹಂತ 5: ಸ್ವರ ಸಿದ್ಧಮಾಡಿ

ಆ್ಯಪ್‌ನಲ್ಲಿ ಆವೃತ್ತಿಯನ್ನು 600 ಹರ್ಟ್ಸ್‌ಗೆ ಇಡಿ. ಮುನ್ನೂರಕ್ಕಿಂತ ಕೆಳಗೆ ಮೊಬೈಲಿನ ಪುಟ್ಟ ಸ್ಪೀಕರು ಸೊರಗುತ್ತದೆ. ಸಾವಿರದ ಐನೂರು ದಾಟಿದರೆ ಅನುನಾದಗಳು ಹನ್ನೊಂದೂವರೆ ಸೆಂಟಿಮೀಟರಿಗೆ ಒಂದರಂತೆ ಒತ್ತೊತ್ತಾಗಿ ಬಂದು, ಎರಡು ಮಿಲಿಮೀಟರ್ ತಪ್ಪಿದರೂ ಉತ್ತರ ಕುಣಿಯುತ್ತದೆ.

ತರಂಗದ ಆಕಾರ ಕೇಳಿದರೆ ಸೈನ್ ಎಂದೇ ಆರಿಸಿ. ಚೌಕ ತರಂಗ ಜೋರಾಗಿ ಕೇಳಿಸುತ್ತದೆ ಎಂದು ಅದನ್ನು ಆರಿಸುವುದು ದೊಡ್ಡ ಹಳ್ಳ. ಅದರೊಳಗೆ 600ರ ಜೊತೆಗೆ 1800, 3000 ಹೀಗೆ ಬೆಸ ಪಟ್ಟುಗಳೂ ಅಡಗಿರುತ್ತವೆ. ಒಂದು ಕಡೆ ಮುಚ್ಚಿದ ಪೈಪಿಗೆ ಬೆಸ ಪಟ್ಟುಗಳೆಂದರೆ ಪಂಚಪ್ರಾಣ. 1800 ಹರ್ಟ್ಸ್‌ನ ಸುಳ್ಳು ಅನುನಾದಗಳು ಸುಮಾರು 23, 33 ಸೆಂಟಿಮೀಟರಿನಲ್ಲಿ ಎದ್ದು, ನೀವು ಅವನ್ನೂ ಬರೆದುಕೊಳ್ಳುತ್ತೀರಿ. ಮೊಬೈಲಿನಲ್ಲಿ ದನಿಯನ್ನು ಚಂದಗಾಣಿಸುವ ಸೌಲಭ್ಯ ಏನಿದ್ದರೂ ನಿಲ್ಲಿಸಿಬಿಡಿ. ಹಾರ್ಮೋನಿಯಂ, ಶ್ರುತಿ ಪೆಟ್ಟಿಗೆ, ನಿಮ್ಮದೇ ಕಂಠ, ಎಲ್ಲದರಲ್ಲೂ ಇದೇ ತೊಂದರೆ; ಕಂಠವಾದರೆ ಮೇಲಿಂದ ಸ್ವರ ಅಲ್ಲಾಡುತ್ತದೆ ಕೂಡ. ಆವೃತ್ತಿಯ ವಿಷಯದಲ್ಲಿ ಮೊಬೈಲನ್ನು ನಂಬಬಹುದು. 600 ಎಂದರೆ ಅದು 600ರ ತೀರ ಹತ್ತಿರವೇ ಇರುತ್ತದೆ.

ದನಿ ಕಡಿಮೆ ಇರಲಿ, ಪಕ್ಕದ ಕೋಣೆಗೆ ಕೇಳಬಾರದಷ್ಟು. ಜೋರು ಸ್ವರದಲ್ಲಿ ಏರಿಳಿತ ಗುರುತಿಸುವುದು ಕಿವಿಗೆ ಕಷ್ಟ, ಹತ್ತು ನಿಮಿಷದಲ್ಲಿ ತಲೆನೋವೂ ಬರುತ್ತದೆ. ಮೊಬೈಲು ಚಾರ್ಜರಿಗೆ ಸಿಕ್ಕಿಸಿದ ಹಾಗೇ ನೀರಿನ ಬಳಿಗೆ ಬರಬಾರದು.

ಹಂತ 6: ದನಿ ತುಂಬುವ ಜಾಗ ಹಿಡಿಯಿರಿ

ಪೈಪನ್ನು ತಳ ಮುಟ್ಟುವವರೆಗೆ ಇಳಿಸಿ. ಸಹಾಯಕರು ಮೊಬೈಲಿನ ಸ್ಪೀಕರನ್ನು ಪೈಪಿನ ಬಾಯಿಯಿಂದ ಎರಡು ಮೂರು ಸೆಂಟಿಮೀಟರ್ ಮೇಲೆ, ಸ್ವಲ್ಪ ಪಕ್ಕಕ್ಕೆ ಹಿಡಿಯಲಿ. ಬಾಯಿಯ ಮೇಲೆ ಮೊಬೈಲನ್ನು ಮುಚ್ಚಳದಂತೆ ಇಡಬಾರದು. ಇಟ್ಟರೆ ತೆರೆದ ಬಾಯಿ ತೆರೆದ ಬಾಯಿಯಾಗಿ ಉಳಿಯುವುದಿಲ್ಲ, ಅನುನಾದದ ಜಾಗಗಳೇ ಸರಿದುಹೋಗುತ್ತವೆ. ಪೈಪು ಮೇಲೇರಿದಂತೆ ಮೊಬೈಲೂ ಅದರ ಜೊತೆ ಅಷ್ಟೇ ಏರಬೇಕು. ಮೊಬೈಲನ್ನು ಒಂದೇ ಎತ್ತರದಲ್ಲಿ ಹಿಡಿದು ಪೈಪನ್ನು ಮಾತ್ರ ಆಡಿಸಿದವರು ಕೇಳಿದ್ದು ಅಂತರದ ಏರಿಳಿತವನ್ನು, ಅನುನಾದವನ್ನಲ್ಲ. ಬೆವರಿದ ಕೈಯಲ್ಲಿ, ಡ್ರಮ್ಮಿನ ಮೇಲೆ, ಮೊಬೈಲು ಹಿಡಿಯುವವರಿಗೆ ಹೆಚ್ಚಿನ ಎಚ್ಚರಿಕೆ ಬೇಕಿಲ್ಲ ಎಂದುಕೊಂಡಿದ್ದೇನೆ.

ಈಗ ಪೈಪನ್ನು ಅತಿ ನಿಧಾನವಾಗಿ, ಒಂದು ಸೆಕೆಂಡಿಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚಿಲ್ಲದಂತೆ ಎತ್ತಿ. 12 ಸೆಂಟಿಮೀಟರ್ ದಾಟುತ್ತಿದ್ದಂತೆ ಸ್ವರಕ್ಕೆ ಮೈ ಬರುತ್ತದೆ. ಬರಿಯ ಕೀರಲು ದನಿ ಶಂಖದೊಳಗಿಂದ ಬಂದಂತೆ ಗುಂಡಗಾಗುತ್ತದೆ. ಕೇಳಿದ ಕೂಡಲೇ ಗೆರೆ ಓದಲು ಹೋಗಬೇಡಿ. ಇನ್ನೂ ಎತ್ತಿ, ದನಿ ಬೀಳಲಿ. ಬಿದ್ದ ಮೇಲೆ ಮತ್ತೆ ಇಳಿಸಿ. ಹೀಗೆ ಆ ಜಾಗವನ್ನು ನಾಲ್ಕಾರು ಸಲ ದಾಟಿ, ಕಿವಿಗೆ ಅದರ ಪರಿಚಯ ಆಗಲಿ.

ಜೋರಿನ ಶಿಖರ ಸೂಜಿಮೊನೆಯಂತಿರುವುದಿಲ್ಲ. ಸುಮಾರು ಒಂದು ಸೆಂಟಿಮೀಟರಿನಷ್ಟು ಅಗಲದ ದಿಬ್ಬದಂತಿರುತ್ತದೆ. ದಿಬ್ಬದ ನೆತ್ತಿ ಎಲ್ಲಿದೆ ಎಂದು ನೇರವಾಗಿ ಹುಡುಕಿದರೆ ಪ್ರತಿ ಸಲ ಬೇರೆ ಉತ್ತರ ಬರುತ್ತದೆ. ಬದಲಿಗೆ ಎರಡು ಬದಿಯ ಇಳಿಜಾರು ಹಿಡಿಯಿರಿ: ಎತ್ತುವಾಗ ದನಿ ಸ್ಪಷ್ಟವಾಗಿ ಬಿದ್ದ ಗೆರೆ ಒಂದು, ಇಳಿಸುವಾಗ ಅಷ್ಟೇ ಬಿದ್ದ ಗೆರೆ ಇನ್ನೊಂದು, ಎರಡರ ನಡುಮಧ್ಯ ನಿಮ್ಮ ಅಳತೆ. ಕಿವಿ ಶಿಖರಕ್ಕಿಂತ ಇಳಿಜಾರನ್ನು ಚೆನ್ನಾಗಿ ಗುರುತಿಸುತ್ತದೆ. ಈ ಒಂದು ಅಭ್ಯಾಸದಿಂದ ಐದು ಮಿಲಿಮೀಟರಿನ ತಪ್ಪು ಎರಡು ಮಿಲಿಮೀಟರಿಗೆ ಇಳಿಯುತ್ತದೆ.

ಓದುವಾಗ ಕಣ್ಣು ನೀರಿನ ಮಟ್ಟಕ್ಕೆ ಬರಬೇಕು. ಮೇಲಿನಿಂದ ಬಗ್ಗಿ ನೋಡಿದರೆ ಗೆರೆ ಸರಿದಂತೆ ಕಾಣುತ್ತದೆ. ಡ್ರಮ್ಮಿನ ಒಳಗೆ ಕಣ್ಣು ಇಳಿಸಲಾಗದು ಎನ್ನುವವರು ನೀರನ್ನು ಕಂಠದವರೆಗೆ ತುಂಬಿಸಿಕೊಂಡು, ಅದಕ್ಕೆ ತಕ್ಕಂತೆ ಪೈಪಿನ ಉದ್ದ ಹೊಂದಿಸಿಕೊಳ್ಳಲಿ.

ಮೊದಲನೆಯದು ಸಿಕ್ಕ ಮೇಲೆ ಮುಂದಕ್ಕೆ ಎತ್ತುತ್ತಾ ಹೋಗಿ. ಎರಡನೆಯದು 42ರ ಸುತ್ತ, ಮೂರನೆಯದು 71ರ ಸುತ್ತ ಬರುತ್ತದೆ. ಮುಂದೆ ಹೋದಂತೆ ದನಿ ಸ್ವಲ್ಪ ಸಣ್ಣಗಾಗುತ್ತದೆ, ಗಾಬರಿ ಬೇಡ. ಪೈಪಿನ ಗೋಡೆ ಉಜ್ಜಿ ಉಜ್ಜಿ ಶಕ್ತಿ ಸೋರಿಹೋಗಿರುತ್ತದೆ. ಪ್ರತಿಯೊಂದನ್ನೂ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಒಬ್ಬರು ಕೇಳಿ, ಇನ್ನೊಬ್ಬರು ಬರೆದುಕೊಂಡರೆ, ಹಿಂದಿನ ಸಂಖ್ಯೆ ನೋಡಿ ಈಗಿನದನ್ನು ಹೊಂದಿಸುವ ಚಪಲ ಇರುವುದಿಲ್ಲ.

ಹಂತ 7: ಲೆಕ್ಕ ಮಾಡಿ, ಆದರೆ ಕಳೆದು

ಮಾದರಿಗೆ, ಒಳವ್ಯಾಸ 2.8 ಸೆಂ.ಮೀ., ಉಷ್ಣಾಂಶ 26 ಡಿಗ್ರಿ, ಮೂರು ಉದ್ದಗಳು 13.6, 42.4, 71.3 ಸೆಂ.ಮೀ. ಎಂದಿಟ್ಟುಕೊಳ್ಳಿ.

ಮೊದಲನೆಯದನ್ನು ಮಾತ್ರ ಹಿಡಿದು "ಕಾಲು ತರಂಗದೂರ" ಎಂದರೆ: 4 × 13.6 = 54.4 ಸೆಂ.ಮೀ.; ಅದನ್ನು 600ರಿಂದ ಗುಣಿಸಿದರೆ ಸೆಕೆಂಡಿಗೆ 326.4 ಮೀಟರ್. ನನಗೆ ಬಂದ 326ರ ಲೆಕ್ಕಗಳ ಗುಟ್ಟು ಇದೇ. ಕಿವಿಯೂ ಸರಿ, ಕೈಯೂ ಸರಿ, ಆದರೂ ಇಪ್ಪತ್ತು ಮೀಟರ್ ಕೊರತೆ.

ಕೊರತೆಯ ಕಾರಣ ಪೈಪಿನ ಬಾಯಿ. ಒಳಗೆ ಅಲುಗುವ ಗಾಳಿ ಬಾಯಿಯ ಅಂಚಿಗೆ ಬಂದು ತಟ್ಟನೆ ನಿಲ್ಲುವುದಿಲ್ಲ, ಹೊರಗಿನ ಗಾಳಿಯನ್ನೂ ಸ್ವಲ್ಪ ದೂರ ಎಳೆದುಕೊಂಡು ಅಲುಗುತ್ತದೆ. ಶಬ್ದದ ಪಾಲಿಗೆ ಪೈಪು ನಾವು ಅಳೆದದ್ದಕ್ಕಿಂತ ಉದ್ದ. ಆ ಹೆಚ್ಚುವರಿ ಒಳವ್ಯಾಸದ ಸುಮಾರು 0.3ರಷ್ಟು, ನಮ್ಮ ಪೈಪಿಗೆ 0.84 ಸೆಂ.ಮೀ. ಇದಕ್ಕೆ ತುದಿ ತಿದ್ದುಪಡಿ ಎನ್ನುತ್ತಾರೆ. ಇದು ಪ್ರತಿ ಅಳತೆಯಲ್ಲೂ ಒಂದೇ ಇರುವುದರಿಂದ, ಒಂದು ಉದ್ದದಿಂದ ಇನ್ನೊಂದನ್ನು ಕಳೆದ ಕೂಡಲೇ ತಾನಾಗಿ ಮಾಯವಾಗುತ್ತದೆ. ನೀವು ಸೊನ್ನೆಯ ಗೆರೆಯನ್ನು ಎರಡು ಮಿಲಿಮೀಟರ್ ತಪ್ಪಾಗಿ ಹಾಕಿದ್ದರೆ ಅದೂ ಜೊತೆಗೇ ಹೋಗುತ್ತದೆ.

ಹಾಗಾಗಿ: 71.3ರಿಂದ 13.6 ಕಳೆದರೆ 57.7. ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಎರಡು ಅರ್ಧ, ಅಂದರೆ ಒಂದು ಇಡೀ ತರಂಗದೂರ. 0.577 × 600 = 346.2. ಉಷ್ಣಾಂಶದ ಸೂತ್ರ ಹೇಳುವುದು 331.3 + 0.6 × 26 = 346.9. ಬಕೆಟ್ಟಿನವರು ಎರಡರ ವ್ಯತ್ಯಾಸವನ್ನು ದ್ವಿಗುಣಗೊಳಿಸಿ 1000ರಿಂದ ಗುಣಿಸಲಿ.

ಹಂತ 8: ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು

ಪ್ರತಿ ಅಳತೆಯಲ್ಲಿ ಎರಡು ಮಿಲಿಮೀಟರ್ ಅತ್ತಿತ್ತ ಎಂದರೆ, 57.7 ಸೆಂಟಿಮೀಟರಿನಲ್ಲಿ ಅದು ಸುಮಾರು ಅರ್ಧ ಶೇಕಡ, ವೇಗದಲ್ಲಿ ಒಂದೆರಡು ಮೀಟರ್. ಆದ್ದರಿಂದ ಮಾದರಿಯ 26 ಡಿಗ್ರಿಯಲ್ಲಿ ನಿಮ್ಮ ಉತ್ತರ 344ರಿಂದ 349ರ ನಡುವೆ ಎಲ್ಲಿ ಬಂದರೂ ಅದು ಗೆಲುವೇ. 346.24 ಎಂದು ದಶಮಾಂಶ ಉದ್ದ ಮಾಡಿ ಬರೆಯಬೇಡಿ, ಆ ಎರಡು ಅಂಕಿಗಳನ್ನು ನೀವು ಅಳೆದಿಲ್ಲ.

ಎಷ್ಟೇ ಜಾಗ್ರತೆ ವಹಿಸಿದರೂ ಸೂತ್ರಕ್ಕಿಂತ ಒಂದೆರಡು ಮೀಟರ್ ಹೆಚ್ಚೇ ಬರುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಸೂತ್ರ ಒಣಗಾಳಿಯದು. ನೀರಿನ ಮೇಲೆ ನಿಂತ ಪೈಪಿನೊಳಗಿನ ಗಾಳಿ ತೇವದಿಂದ ತುಂಬಿರುತ್ತದೆ. ನೀರಾವಿ ಒಣಗಾಳಿಗಿಂತ ಹಗುರ, ಹಗುರ ಗಾಳಿಯಲ್ಲಿ ಶಬ್ದಕ್ಕೆ ವೇಗ ಸ್ವಲ್ಪ ಹೆಚ್ಚು.

ತಪ್ಪು ಎಲ್ಲಿ ಎಂದು ಉತ್ತರವೇ ಹೇಳುತ್ತದೆ

- 325ರ ಆಸುಪಾಸು ಬಂದರೆ: ಮೊದಲ ಉದ್ದವನ್ನೇ ನಂಬಿದ್ದೀರಿ. ಏಳನೆಯ ಹಂತಕ್ಕೆ ಹಿಂದಿರುಗಿ.
- 163, ಅಂದರೆ ಅರ್ಧಕ್ಕೂ ಕಡಿಮೆ ಬಂದರೆ: ಎರಡೂ ಕಡೆ ತೆರೆದ ಪೈಪಿನ ಸೂತ್ರ ಹಾಕಿ, ಉದ್ದವನ್ನು ನಾಲ್ಕರ ಬದಲು ಎರಡರಿಂದ ಗುಣಿಸಿದ್ದೀರಿ. ನೀರು ಒಂದು ಬಾಯಿಯನ್ನು ಮುಚ್ಚಿದೆ ಎಂಬುದು ಮರೆತುಹೋಗಿದೆ.
- 690 ಬಂದರೆ: ನಡುವಿನ ಅನುನಾದ ಕೇಳದೆ ದಾಟಿಹೋಗಿದೆ. ಮೂರನೆಯದನ್ನು ಎರಡನೆಯದು ಎಂದು ಬರೆದಿದ್ದೀರಿ. ಪೈಪನ್ನು ಅವಸರದಲ್ಲಿ ಎತ್ತಿದವರಿಗೆ ಇದು ಸಾಮಾನ್ಯ.
- 115 ಬಂದರೆ, ಅಥವಾ ಜೋರಿನ ಜಾಗಗಳು 29ರ ಬದಲು ಸುಮಾರು ಒಂಬತ್ತೂವರೆ ಸೆಂಟಿಮೀಟರಿಗೆ ಒಂದರಂತೆ ಸಿಗುತ್ತಿದ್ದರೆ: ಮೂರನೇ ಪಟ್ಟು ಕೇಳುತ್ತಿದ್ದೀರಿ. ತರಂಗದ ಆಕಾರ ಸೈನ್ ಇದೆಯೇ ನೋಡಿ, ದನಿ ತಗ್ಗಿಸಿ.
- ಎರಡು ಅಂತರಗಳು ಒಂದಕ್ಕೊಂದು ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಬೇರೆಯಾದರೆ: ಯಾವುದೋ ಒಂದು ಅಳತೆ ಕೆಟ್ಟಿದೆ. ಸರಾಸರಿ ತೆಗೆದು ಮುಚ್ಚಿಹಾಕಬೇಡಿ, ಮೂರನ್ನೂ ಮತ್ತೆ ಅಳೆಯಿರಿ.
- ಪೈಪು ಅಲ್ಲಾಡಿಸದೆ ತಲೆ ಅಲ್ಲಾಡಿಸಿದರೂ ಸ್ವರ ಏರಿಳಿದರೆ: ಜಾಗ ಬದಲಿಸಿ.
- ಎಲ್ಲಿಯೂ ದನಿ ತುಂಬುತ್ತಲೇ ಇಲ್ಲವೆಂದರೆ: ಪೈಪಿನಲ್ಲಿ ಬಿರುಕು, ಇಲ್ಲವೇ ಸ್ಪೀಕರು ಮೊಬೈಲಿನ ಇನ್ನೊಂದು ತುದಿಯಲ್ಲಿದೆ. ಎರಡನೆಯದೇ ಹೆಚ್ಚು.

ಹಂತ 9: ಸ್ವರ ಬದಲಿಸಿ ಇನ್ನೊಮ್ಮೆ

ಡ್ರಮ್ಮು ಇರುವವರು 500 ಮತ್ತು 700 ಹರ್ಟ್ಸ್‌ನಲ್ಲಿ ಇಡೀ ಕೆಲಸವನ್ನು ಮತ್ತೆ ಮಾಡಿ. 500ಕ್ಕೆ ಅನುನಾದಗಳು 16.5 ಮತ್ತು 51ರ ಸುತ್ತ, 700ಕ್ಕೆ 11.5, 36, 61ರ ಸುತ್ತ ಸಿಗಬೇಕು. ಕಳೆದು ಮಾಡಿದ ಲೆಕ್ಕದಲ್ಲಿ ಮೂರೂ ಸ್ವರಗಳಿಗೆ ಹೆಚ್ಚುಕಡಿಮೆ ಒಂದೇ ವೇಗ ಬರುತ್ತದೆ. ಅದೇ ಅಳತೆಗಳಲ್ಲಿ ಮೊದಲ ಉದ್ದವನ್ನು ಮಾತ್ರ ಹಿಡಿದು ಲೆಕ್ಕ ಹಾಕಿ ನೋಡಿ: 500ಕ್ಕೆ ಸುಮಾರು 330, 600ಕ್ಕೆ 326, 700ಕ್ಕೆ 323. ಸ್ವರ ಏರಿದಂತೆ ವೇಗ ಇಳಿಯುತ್ತಿರುವಂತೆ ಕಾಣುತ್ತದೆ. ಇದನ್ನು ನೋಡಿ "ಕೀಚಲು ದನಿ ನಿಧಾನ ಓಡುತ್ತದೆ" ಎಂದು ತೀರ್ಮಾನಿಸಿದ ಪತ್ರವೂ ನನಗೆ ಬಂದಿದೆ. ಹಾಗಿದ್ದಿದ್ದರೆ ದೂರದಿಂದ ಕೇಳುವ ಮದುವೆಯ ವಾಲಗದಲ್ಲಿ ಡೋಲು ಮೊದಲು, ನಾಗಸ್ವರ ಆಮೇಲೆ ತಲುಪಬೇಕಿತ್ತು. ನಿಜವಾಗಿ ಆಗಿರುವುದು ಇಷ್ಟು: 0.84 ಸೆಂಟಿಮೀಟರಿನ ಅದೇ ಕೊರತೆ, ಕಂಬ ಗಿಡ್ಡವಾದಷ್ಟೂ ದೊಡ್ಡ ಪಾಲಾಗಿ ಕಾಣಿಸಿಕೊಳ್ಳುತ್ತಿದೆ.

ಕೊನೆಗೆ, 600 ಹರ್ಟ್ಸ್‌ನ ತರಂಗದೂರವನ್ನು ನಾಲ್ಕರಿಂದ ಭಾಗಿಸಿ, ಅದರಿಂದ ಮೊದಲ ಉದ್ದವನ್ನು ಕಳೆಯಿರಿ. ಮಾದರಿಯಲ್ಲಿ 14.43ರಿಂದ 13.6 ಹೋದರೆ 0.83. ಒಳವ್ಯಾಸದ 0.3 ಪಟ್ಟಿಗೆ ಅದು ಹತ್ತಿರವಿದ್ದರೆ ನಿಮ್ಮ ಸೊನ್ನೆ ಗೆರೆ ಸರಿಯಾದ ಜಾಗದಲ್ಲಿದೆ. ಆ ಸಂಖ್ಯೆಯನ್ನು ಮಾರ್ಕರಿನಿಂದ ಪೈಪಿನ ಮೇಲೆಯೇ ಬರೆದಿಡಿ, ಚಳಿಗಾಲದ ಮುಂಜಾವಿನಲ್ಲಿ ಮತ್ತೊಮ್ಮೆ ಅಳೆಯುವಾಗ ಬೇಕಾಗುತ್ತದೆ. ಪೈಪನ್ನು ಒರೆಸಿ, ಡ್ರಮ್ಮಿನ ಮುಚ್ಚಳ ಮುಚ್ಚಿ.